ಉಣ್ಣೆ ಮೂಟೆಯೊಳಗೆ ಕುದುರೆ ಕೂದಲು

ಲಂಡನ್ನಿನ ಸಂಸತ್ ಭವನದಲ್ಲಿ, ಲಾರ್ಡ್ಸ್ ಸಭೆಯ ನಡುವೆ ಒಂದು ಮೂಟೆ ಇದೆ. ಕೆಂಪು ಬಟ್ಟೆ ಹೊದೆಸಿದ, ತೋಳಿಲ್ಲದ ಈ ಆಸನ ಮದುವೆ ಮನೆಯಲ್ಲಿ ಮೂಲೆಗೆ ಒಟ್ಟಿದ ಹಾಸಿಗೆಗಳ ಹಾಗೆ ಕಾಣುತ್ತದೆ. ಹೆಸರು ವೂಲ್‌ಸ್ಯಾಕ್, ಅಂದರೆ ಉಣ್ಣೆ ಮೂಟೆ. ಹದಿನಾಲ್ಕನೇ ಶತಮಾನದಲ್ಲಿ, ಮೂರನೇ ಎಡ್ವರ್ಡ್ ಆಳುತ್ತಿದ್ದಾಗ, ಇಂಗ್ಲೆಂಡಿನ ಐಶ್ವರ್ಯವೆಲ್ಲ ಕುರಿಯ ಬೆನ್ನ ಮೇಲಿತ್ತು. ಅದನ್ನು ಯಾರೂ ಮರೆಯದಿರಲೆಂದು ಸಭೆ ನಡೆಸುವ ಲಾರ್ಡ್ ಚಾನ್ಸಲರ್ ಅವರನ್ನು ಉಣ್ಣೆಯ ಮೇಲೆಯೇ ಕೂರಿಸಿದರಂತೆ. ಕುರಿಯ ಕಾಲ ಮುಗಿದು ಕಲ್ಲಿದ್ದಲಿನ ಕಾಲ ಬಂತು, ಅದೂ ಮುಗಿಯಿತು. ಮೂಟೆ ಮಾತ್ರ ಕದಲಲಿಲ್ಲ.

ಸಂಪ್ರದಾಯವಾದ ಎಂದರೇನು ಎಂದು ಕೇಳಲು ಇದಕ್ಕಿಂತ ತಕ್ಕ ಹಿರಿಯರು ಸಿಗಲಾರರು ಎನಿಸಿ, ಕನ್ನಡ ಪತ್ರಿಕೆಯ ಸಂದರ್ಶಕನೊಬ್ಬ ಒಂದು ಸಂಜೆ, ಪ್ರಭುಗಳೆಲ್ಲ ಚಹಾಕ್ಕೆ ಎದ್ದು ಹೋದ ಹೊತ್ತಿನಲ್ಲಿ, ಮೂಟೆಯೆದುರು ಕೈಕಟ್ಟಿ ನಿಂತ.

‘ಸದನದ ನಟ್ಟನಡುವೆ ಕೂತಿದ್ದೀರಿ. ನಿಮಗೆ ಗೊತ್ತಿಲ್ಲದ ಗುಟ್ಟು ಇರಲಾರದು’ ಎಂದು ಪೀಠಿಕೆ ಹಾಕಿದ.

‘ಕೂತಿರುವುದು ನಡುವೆ, ನಿಜ. ನಿಯಮದ ಪ್ರಕಾರ ನಾನು ಸದನದ ಹೊರಗಿದ್ದೇನೆ. ನನ್ನ ಮೇಲೆ ಕೂತವರು ಸದಸ್ಯರಾಗಿ ಒಂದು ಮಾತಾಡಬೇಕೆಂದರೂ ಎದ್ದು ಪಕ್ಕಕ್ಕೆ ಸರಿಯಬೇಕು.’

‘ಅದಕ್ಕೇನು ಕಾರಣ ಸ್ವಾಮಿ?’

‘ಕಾರಣ ಕೇಳುವ ಅಭ್ಯಾಸ ನಮ್ಮಲ್ಲಿಲ್ಲ. ಏನೋ ಒಂದು ಕಾರಣ ಇದ್ದೇ ಇರುತ್ತದೆ ಎಂದು ನಂಬುವ ಅಭ್ಯಾಸವಿದೆ.’

ನಗು ಬರುವ ಉತ್ತರವೇ. ಆದರೂ ಸಂದರ್ಶಕ ನಗಲಿಲ್ಲ. ಮನೆಯ ಹಿತ್ತಿಲಲ್ಲಿ ಅಡ್ಡವಾಗಿರುವ ಕಲ್ಲನ್ನು ಕಿತ್ತೆಸೆದು, ಮೊದಲ ಮಳೆಗೆ ನೀರು ಒಳಗೆ ನುಗ್ಗಿದ ಮೇಲೆ ಅಜ್ಜ ಅದನ್ನು ಯಾಕಿಟ್ಟಿದ್ದನೆಂದು ತಿಳಿದುಕೊಂಡವರು ನಮ್ಮಲ್ಲೂ ಇದ್ದಾರೆ.

‘ಈ ವಿಚಾರಕ್ಕೆ ಮೂಲಪುರುಷರು ಎಡ್ಮಂಡ್ ಬರ್ಕ್ ಅಲ್ಲವೇ?’

‘ಹಾಗೆನ್ನುತ್ತಾರೆ. ಆದರೆ ಬರ್ಕ್ ವಿಗ್ ಪಕ್ಷದವರು. 1790ರಲ್ಲಿ ಫ್ರಾನ್ಸಿನ ಕ್ರಾಂತಿಯನ್ನು ಝಾಡಿಸಿ ಪುಸ್ತಕ ಬರೆದರು, 1797ರಲ್ಲಿ ತೀರಿಕೊಂಡರು. ಕನ್ಸರ್ವೇಟಿವ್ ಎಂಬ ಹೆಸರು ಪಕ್ಷಕ್ಕೆ ಅಂಟಿದ್ದು 1830ರ ದಶಕದಲ್ಲಿ. ತಿಥಿಯೂಟ ಮುಗಿದು ಎಷ್ಟೋ ವರ್ಷಕ್ಕೆ ಸತ್ತವರನ್ನು ನಮ್ಮ ಗೋತ್ರಕ್ಕೆ ಸೇರಿಸಿಕೊಂಡೆವು.’

ಬರ್ಕ್ ಹೆಸರು ಬಂದಾಗ ಕನ್ನಡಿಗನಿಗೆ ಇನ್ನೊಂದು ನೆನಪಾಗುವುದು ಸಹಜ. 1780ರಲ್ಲಿ ಹೈದರಾಲಿ ಶ್ರೀರಂಗಪಟ್ಟಣದಿಂದ ಕರ್ನಾಟಿಕ್ ಸೀಮೆಗೆ ದಂಡೆತ್ತಿ ಹೋದದ್ದನ್ನು ಬರ್ಕ್ 1785ರ ಭಾಷಣವೊಂದರಲ್ಲಿ ಮೈ ನಡುಗುವಂತೆ ಬಣ್ಣಿಸಿದ್ದರು. ವಿಷಯ ಆರ್ಕಾಟ್ ನವಾಬನ ಸಾಲ. ದೂರಿದ್ದು ಹೈದರನ ದಂಡು ಬರುವ ಹಾಗೆ ಮಾಡಿದ ಈಸ್ಟ್ ಇಂಡಿಯಾ ಕಂಪನಿಯ ದುರಾಸೆಯನ್ನು. ಮೂರು ವರ್ಷದ ಮೇಲೆ ಕಂಪನಿಯ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ವಿರುದ್ಧ ಮಹಾಭಿಯೋಗದ ವಿಚಾರಣೆ ಶುರುವಾಯಿತು. ಇಂಡಿಯಾಕ್ಕೂ ತನ್ನದೇ ಹಳೆಯ ಕಾನೂನು, ಹಳೆಯ ಮನೆತನ, ಹಳೆಯ ನಡವಳಿಕೆ ಇವೆ, ಅವನ್ನು ತುಳಿಯಲು ವ್ಯಾಪಾರಿಗಳ ಗುಮಾಸ್ತರು ಯಾರು ಎಂಬುದು ಬರ್ಕ್ ವಾದ. ಏಳು ವರ್ಷ ನಡೆದ ವಿಚಾರಣೆ 1795ರಲ್ಲಿ ಖುಲಾಸೆಯಲ್ಲಿ ಮುಗಿಯಿತು.

‘ಖುಲಾಸೆ ಮಾಡಿದವರು ಇದೇ ಸಭೆಯವರು ತಾನೇ?’

‘ಹೌದು’ ಎಂದ ಮೂಟೆ, ಮಾತು ಬದಲಿಸಲು ನೋಡಿತು. ‘ಬರ್ಕ್ ಅಂಥವರ ಸಂಪ್ರದಾಯ ಹೆಂಚಿನ ಮನೆಯವರದ್ದು. ಮಳೆಗಾಲಕ್ಕೆ ಮುಂಚೆ ಏಣಿ ಹಾಕಿ, ಒಡೆದ ಹೆಂಚು ತೆಗೆದು ಹೊಸದು ಕೂರಿಸುವವರು. ಅಂಥವರು ಕಡಿಮೆ. ಸೋರುವ ಜಾಗಕ್ಕೆ ಚೆಂಬಿಟ್ಟು ಕೂರುವವರೇ ಹೆಚ್ಚು.’

‘ಒಂದು ಉದಾಹರಣೆ?’

‘ಈ ಕಟ್ಟಡವೇ. ಖಜಾನೆಯ ಲೆಕ್ಕವನ್ನು ಮರದ ಕಡ್ಡಿಗಳಿಗೆ ಕಚ್ಚು ಹಾಕಿ ಇಡುತ್ತಿದ್ದರು.’ ನಮ್ಮಲ್ಲಿ ಹಾಲಿನ ಲೆಕ್ಕಕ್ಕೆ ಗೋಡೆಯ ಮೇಲೆ ಗೀಟು ಎಳೆಯುತ್ತಿದ್ದ ಹಾಗೆ. ಕಡ್ಡಿಯನ್ನು ಉದ್ದಕ್ಕೆ ಸೀಳಿ ಕೊಟ್ಟವನಿಗೆ ಒಂದು ಹೋಳು, ಪಡೆದವನಿಗೆ ಒಂದು. ಕಾಗದ, ಶಾಯಿ, ಬ್ಯಾಂಕು ಎಲ್ಲ ಬಂದ ಮೇಲೂ ಕಡ್ಡಿ ನಿಲ್ಲಲಿಲ್ಲ. ನಿಲ್ಲಿಸುವ ಕಾನೂನು 1782ರಲ್ಲಿ ಆಯಿತು, ಕಡ್ಡಿ ನಿಂತದ್ದು 1826ರಲ್ಲಿ. 1834ರ ಅಕ್ಟೋಬರ್ 16ರಂದು ಎರಡು ಗಾಡಿಯಷ್ಟು ಹಳೇ ಕಡ್ಡಿಯನ್ನು ಲಾರ್ಡ್ಸ್ ಸಭೆಯ ಕೆಳಗಿನ ಒಲೆಗಳಿಗೆ ತುರುಕಿದರು. ಸಂಜೆ ನಾಲ್ಕಕ್ಕೆ ಸಭಾಂಗಣ ನೋಡಲು ಬಂದವರು ಬೂಟಿನೊಳಗೂ ನೆಲ ಬಿಸಿ ತಾಗುತ್ತಿದೆ, ಹೊಗೆಯಲ್ಲಿ ಗೋಡೆಯ ಚಿತ್ರದ ಪರದೆಗಳೇ ಕಾಣುತ್ತಿಲ್ಲ ಎಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ರಾತ್ರಿ ಹೊತ್ತಿಗೆ ಎರಡೂ ಸದನ ಬೂದಿ. ಅಪ್ಪ ನೆಟ್ಟ ಆಲದ ಮರಕ್ಕೆ ನೇಣು ಹಾಕಿಕೊಂಡವರ ಗಾದೆ ನಮ್ಮದು. ಅಜ್ಜ ಕೆತ್ತಿದ ಕಡ್ಡಿಗೆ ಮನೆ ಸುಟ್ಟುಕೊಂಡವರು ಇವರು.

‘ಆಮೇಲೆ ಬುದ್ಧಿ ಬಂತೇ?’

‘ಬಂತು. ಹೊಸ ಭವನ ಗೋಥಿಕ್ ಇಲ್ಲವೇ ಎಲಿಜಬೆತ್ ಕಾಲದ ಶೈಲಿಯಲ್ಲೇ ಇರಬೇಕೆಂದು ಷರತ್ತು ಹಾಕಿದರು. ಹೊಸ ಕಟ್ಟಡಕ್ಕೆ ಹುಟ್ಟುವಾಗಲೇ ನಾನೂರು ವರ್ಷ.’

ಸಂದರ್ಶಕ ಚೀಟಿ ಮಗುಚಿದ. ಮುಂದಿನ ಪ್ರಶ್ನೆಗೆ ನಗುವ ಜಾಗವಿರಲಿಲ್ಲ. ಅಂಗಡಿಯಿಂದ ಐದು ಷಿಲ್ಲಿಂಗ್ ಬೆಲೆಯ ಸರಕು ಕದ್ದವರಿಗೆ ಇಂಗ್ಲೆಂಡಿನಲ್ಲಿ ಗಲ್ಲು ಶಿಕ್ಷೆ ಇತ್ತು. ಅದನ್ನು ತೆಗೆಯಲು ಸ್ಯಾಮ್ಯುಯೆಲ್ ರೊಮಿಲಿ ತಂದ ಮಸೂದೆ 1810ರಲ್ಲಿ ಕೆಳಮನೆಯಲ್ಲಿ ಪಾಸಾಯಿತು, ಇಲ್ಲಿ 31ಕ್ಕೆ 11ರಂತೆ ಬಿತ್ತು. ಬೀಳಿಸಿದವರಲ್ಲಿ ಏಳು ಮಂದಿ ಬಿಷಪ್‌ಗಳು. ಇವತ್ತು ಇದನ್ನು ತೆಗೆದರೆ ನಾಳೆ ಇನ್ನೊಂದನ್ನು ತೆಗೆಯಬೇಕಾದೀತು ಎಂಬುದು ಮುಖ್ಯ ನ್ಯಾಯಮೂರ್ತಿ ಎಲೆನ್‌ಬರೋ ಅವರ ಚಿಂತೆ. ಕಾನೂನು ಸಡಿಲವಾಗುವಷ್ಟರಲ್ಲಿ ರೊಮಿಲಿ ಬದುಕಿರಲಿಲ್ಲ.

‘ಇದಕ್ಕೇನು ಹೇಳುತ್ತೀರಿ?’

‘ಅವಸರ ಬೇಡ ಎನ್ನುವುದು ಒಳ್ಳೆಯ ಮಾತೇ. ಅದನ್ನು ಹೇಳುವವರು ನನ್ನ ಮೇಲೆ ಕೂತಿರುತ್ತಾರೆ, ಕಾಯುವವರು ಜೈಲಿನಲ್ಲಿರುತ್ತಾರೆ. ಅಷ್ಟೇ ವ್ಯತ್ಯಾಸ.’

ಈ ವಾದದ ಹುಳುಕನ್ನು ಇಷ್ಟು ನೇರವಾಗಿ ಒಪ್ಪಿಕೊಂಡ ಕನ್ಸರ್ವೇಟಿವ್ ಸಂದರ್ಶಕನಿಗೆ ಅದುವರೆಗೆ ಸಿಕ್ಕಿರಲಿಲ್ಲ. ಮೂಟೆಗೆ ಚುನಾವಣೆಯ ಭಯವಿಲ್ಲ, ಅದೂ ಕಾರಣವಿದ್ದೀತು.

‘ಹಾಗಾದರೆ ನಿಮ್ಮವರು ಒಳ್ಳೆಯದನ್ನು ಮಾಡಿದ್ದೇ ಇಲ್ಲವೇ?’

‘ಮಾಡಿದ್ದಾರೆ, ಬೈಸಿಕೊಂಡು. 1846ರಲ್ಲಿ ಪ್ರಧಾನಿ ಪೀಲ್ ಧಾನ್ಯದ ಮೇಲಿನ ಸುಂಕದ ಕಾನೂನನ್ನು ರದ್ದು ಮಾಡಿದರು. ಜಮೀನ್ದಾರರ ಪಕ್ಷ ಎರಡು ಹೋಳಾಯಿತು. ಆಗ ಪೀಲ್ ಮೇಲೆ ಹರಿಹಾಯ್ದ ಡಿಸ್ರೇಲಿ 1867ರಲ್ಲಿ ಪಟ್ಟಣದ ಕೂಲಿಕಾರರಿಗೂ ಓಟು ಕೊಡಿಸಿದರು. ಹೆಂಗಸರಿಗೆ ಗಂಡಸರ ಸರಿಸಮ ಮತದಾನದ ಹಕ್ಕು ಬಂದದ್ದು 1928ರಲ್ಲಿ, ಬಾಲ್ಡ್ವಿನ್ ಸರ್ಕಾರದಲ್ಲಿ. ದೇಶದ ಮೊದಲ ಮಹಿಳಾ ಪ್ರಧಾನಿಯೂ ನಮ್ಮ ಪಕ್ಷದವರೇ.’

‘ಆದರೆ ಈ ಸಭೆಯಲ್ಲಿ ಹೆಂಗಸರು ಕೂತದ್ದು 1958ರಲ್ಲಿ.’

‘ನಾನು ಸದನದ ಹೊರಗಿದ್ದೇನೆ ಎಂದು ಆಗಲೇ ಹೇಳಿದೆನಲ್ಲ’ ಎಂದಿತು ಮೂಟೆ. 2006ರಲ್ಲಿ ಲಾರ್ಡ್ ಚಾನ್ಸಲರ್ ಈ ಆಸನ ಬಿಟ್ಟುಕೊಟ್ಟರು. ಮೊದಲ ಲಾರ್ಡ್ ಸ್ಪೀಕರ್ ಆಗಿ ಬಂದು ಕೂತವರು ಹೆಲೀನ್ ಹೇಮನ್. ಮೂಟೆ ಹರಿಯಲಿಲ್ಲ.

ಚಹಾ ಮುಗಿಸಿದವರ ಹೆಜ್ಜೆ ಸಪ್ಪಳ ಕೇಳತೊಡಗಿತ್ತು. ಸಂದರ್ಶಕ ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದ ಪ್ರಶ್ನೆ ತೆಗೆದ. ‘1938ರ ಸಂಗತಿ ಹೇಳಿಬಿಡಿ.’

ಮೂಟೆ ಕುಗ್ಗಿತು. ಆ ವರ್ಷ ಅದರ ಹೊಟ್ಟೆಯೊಳಗೆ ಏನಿದೆಯೆಂದು ನೋಡಿದಾಗ ಸಿಕ್ಕದ್ದು ಉಣ್ಣೆಯಲ್ಲ, ಕುದುರೆ ಕೂದಲು! ದೇಶದ ಸಂಪತ್ತಿನ ಗುರುತೆಂದು ಭಾಷಣ ಬಿಗಿದು ಅದರ ಮೇಲೆ ಕೂತವರಲ್ಲಿ ಯಾರಿಗೂ ಒಳಗಿರುವುದೇನೆಂದು ಗೊತ್ತಿರಲಿಲ್ಲ. ಕೂದಲು ಯಾವಾಗ ಒಳಹೊಕ್ಕಿತೋ ದೇವರೇ ಬಲ್ಲ. ಕಾಮನ್‌ವೆಲ್ತ್ ದೇಶಗಳಿಂದ ಉಣ್ಣೆ ತರಿಸಿ ಮತ್ತೆ ತುಂಬಿದರು.

‘ಅಂದರೆ ನಿಮ್ಮ ಒಳಗಿನ ಸಂಪ್ರದಾಯಕ್ಕೆ ಇನ್ನೂ ನೂರು ವರ್ಷ ಆಗಿಲ್ಲ.’

‘ಬಟ್ಟೆ ನೋಡಿ ಗೌರವ ಕೊಡುವವರು ಇರುವವರೆಗೆ ತೊಂದರೆಯಿಲ್ಲ’ ಎಂದ ಮೂಟೆ, ತಿರುಗಿ ಪ್ರಶ್ನೆ ಹಾಕಿತು: ‘ನಿಮ್ಮಲ್ಲೂ ಮೇಲ್ಮನೆ ಇದೆಯಲ್ಲ?’

ಇದೆ. ಮೈಸೂರು ಸಂಸ್ಥಾನದಲ್ಲಿ 1907ರಲ್ಲಿ ಹುಟ್ಟಿದ ಶಾಸನ ಸಭೆಯ ವಂಶ; ಈಗ ವಿಧಾನ ಪರಿಷತ್ತು, 75 ಸದಸ್ಯರು. ಅಲ್ಲಿನ ಸಭಾಪತಿಗಳ ಪೀಠದ ಮೆತ್ತೆಯೊಳಗೆ ಏನಿದೆ ಎಂದು ಮೂಟೆ ಕೇಳಿತು. ಸಂದರ್ಶಕನಿಗೆ ಗೊತ್ತಿರಲಿಲ್ಲ. ಓದುಗರಲ್ಲಿ ಯಾರಾದರೂ ನೋಡಿ ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಲಾಗುವುದು.