ತುಪ್ಪ ಬೆಣ್ಣೆಯಾಗುವ ಊರಿನಿಂದ ಕೋಶಪೊರೆಗೆ ಒಂದು ಬಹಿರಂಗ ಪತ್ರ

ಸರ್ವಜೀವಕೋಶ ನಿವಾಸಿಗಳಾದ ಶ್ರೀಮತಿ ಕೋಶಪೊರೆಯವರಿಗೆ,

ಶಿವಗಂಗೆಯಿಂದ ನಮಸ್ಕಾರ. ನಮ್ಮ ಬೆಟ್ಟದ ಗಂಗಾಧರೇಶ್ವರನ ಲಿಂಗಕ್ಕೆ ತುಪ್ಪ ಸವರಿದರೆ ಬೆಣ್ಣೆಯಾಗುತ್ತದೆಂದು ಪ್ರತೀತಿ. ಅದನ್ನು ನೋಡಲು ದಾಬಸ್‌ಪೇಟೆ ದಾಟಿ ಜನ ಬರುತ್ತಲೇ ಇರುತ್ತಾರೆ. ತಾವೂ ಕೊಬ್ಬಿನ ಕಸುಬಿನವರೇ. ಆದರೂ ತಮ್ಮ ಹೆಸರಲ್ಲಿ ಒಂದು ಹಣ್ಣುಕಾಯಿ ಅಂಗಡಿಯಿಲ್ಲ. ತಪ್ಪು ತಮ್ಮದೇ. ಪವಾಡ ಮಾಡುವವರು ಕಣ್ಣಿಗೆ ಕಾಣಬೇಡವೇ? ತಮ್ಮಂಥ ಹತ್ತು ಸಾವಿರ ಪೊರೆ ಪೇರಿಸಿದರೂ ಒಂದು ಹಾಳೆಯ ದಪ್ಪ ಬರುವುದಿಲ್ಲ.

ಮೊದಲ ದೂರು ತಮ್ಮ ಕಟ್ಟಡದ ಬಗ್ಗೆ. 1925ರಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಕೊಬ್ಬನ್ನು ನೀರಿನ ಮೇಲೆ ಹರಡಿ ಅಳೆದರು. ಕಣಗಳ ಮೈಯಳತೆಯ ಎರಡರಷ್ಟು ಬಂತು. ತಾವು ಎರಡು ಪದರದವರೆಂದು ಆಗ ತಿಳಿಯಿತು. ಕೊಬ್ಬಿನ ಅಣುಗಳ ನೀರು ಬಯಸುವ ತಲೆ ಹೊರಕ್ಕೆ, ನೀರು ಕಂಡರಾಗದ ಬಾಲ ಒಳಕ್ಕೆ. ಟೆಂಡರಿಲ್ಲದೆ, ಗುತ್ತಿಗೆದಾರರಿಲ್ಲದೆ ತಾವೇ ಜೋಡಿಸಿಕೊಳ್ಳುತ್ತೀರಿ. ಯಾವ ಇಲಾಖೆ ತಾನೇ ಇದನ್ನು ಸಹಿಸೀತು?

ಎರಡನೆಯದು, ತಾವು ಹೆಪ್ಪುಗಟ್ಟುವುದೇ ಇಲ್ಲ. ತಂಪು ತಾಗಿದರೆ ತುಪ್ಪದೊಳಗಿನ ನೆಟ್ಟನೆಯ ಬಾಲಗಳು ಒತ್ತೊತ್ತಾಗಿ ನಿಂತು ಗಟ್ಟಿಯಾಗುತ್ತವೆ. ತಾವೋ ನಡುನಡುವೆ ಸೊಟ್ಟಬಾಲದ ಕೊಬ್ಬು ಬೆರೆಸಿ ಹರಿದಾಡಿಕೊಂಡೇ ಇರುತ್ತೀರಿ. ಡಾಕ್ಟರ ಮುಂದೆ ನಾವು ಬೈದುಕೊಳ್ಳುವ ಕೊಲೆಸ್ಟರಾಲನ್ನೂ ಕರೆದು ಕೂರಿಸಿ, ಚಳಿಗೆ ಬಿಗಿಯದಂತೆ, ಬಿಸಿಗೆ ಸಡಿಲಾಗದಂತೆ ಹದ ಹಿಡಿಯುತ್ತೀರಿ. ಹೆಪ್ಪುಗಟ್ಟಿದ ಕೊಬ್ಬಿಗೆ ಕೈಮುಗಿಯುವ ನಾವು ಬದುಕಿರುವುದು ಹೆಪ್ಪುಗಟ್ಟದ ಕೊಬ್ಬಿನಿಂದ. ಇದನ್ನು ತಾವು ಒಮ್ಮೆಯಾದರೂ ಹೇಳಿಕೊಂಡಿದ್ದುಂಟೇ?

ಮೂರನೆಯದು ಬಾಗಿಲಿನ ತಕರಾರು. ನಮ್ಮ ಬೆಟ್ಟದ ಮೇಲಿನ ಒಳಕಲ್ಲು ತೀರ್ಥದಲ್ಲಿ ಪುಣ್ಯವಂತರ ಕೈಗೆ ಮಾತ್ರ ನೀರು ಎಟುಕುತ್ತದಂತೆ. ತಾವು ಪಾಪಪುಣ್ಯ ವಿಚಾರಿಸದೆ ನೀರಿಗೆಂದೇ ಅಕ್ವಾಪೊರಿನ್ ಎಂಬ ಕಿಂಡಿ ಇಟ್ಟಿದ್ದೀರಿ. ಅಲ್ಲಿ ನೀರಿನ ಅಣುಗಳು ಒಂದರ ಹಿಂದೊಂದು ಸಾಗುತ್ತವೆ. ಅದನ್ನು ಪತ್ತೆ ಹಚ್ಚಿದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಬಂತು, ತಮಗೆ ಒಂದು ಶಾಲೂ ಇಲ್ಲ. ಗ್ಲೂಕೋಸಿನಂಥ ಮರ್ಯಾದಸ್ಥರನ್ನು ಬಾಗಿಲಲ್ಲಿ ಕಾಯಿಸಿ, ಹೆಂಡದ ಆಲ್ಕೋಹಾಲನ್ನು ನೇರ ಒಳಬಿಡುವ ತಮ್ಮ ನ್ಯಾಯವಂತೂ ನಮಗೆ ಅರ್ಥವಾಗಿಲ್ಲ.

ದುಂದುವೆಚ್ಚದ ಆರೋಪವೂ ಇದೆ. ತಮ್ಮ ಪಂಪಿನಿಂದ ಮೂರು ಸೋಡಿಯಂ ಹೊರಕ್ಕೆ, ಎರಡು ಪೊಟ್ಯಾಸಿಯಂ ಒಳಕ್ಕೆ, ಪ್ರತಿ ಸಲಕ್ಕೂ ಎಟಿಪಿ ಎಂಬ ಶಕ್ತಿಯ ಅಣು ಒಂದು ಖರ್ಚು. ಹೊರಹಾಕಿದ ಸೋಡಿಯಂ ಮತ್ತೆ ಒಳನುಸುಳುತ್ತದೆ, ತಾವು ಮತ್ತೆ ಹೊರಹಾಕುತ್ತೀರಿ. ಆಡಿಟ್‌ನವರು ಬಂದರೆ ಏನು ಹೇಳುತ್ತೀರಿ? ನಮ್ಮ ಮೆಟ್ಟಿಲು ಹತ್ತುವ ಕಾಲಿಗೆ ನರದ ಸುದ್ದಿ ಮುಟ್ಟುವುದು ಒಳಹೊರಗಿನ ಈ ಏರುಪೇರಿನಿಂದಲೇ ಎಂದರೆ ಅವರು ನಂಬುವುದಿಲ್ಲ.

ಈ ಕಿಂಡಿ, ಪಂಪುಗಳಂಥ ತಮ್ಮ ಪ್ರೋಟೀನುಗಳು ಕೊಬ್ಬಿನಲ್ಲಿ ತೇಲಾಡುತ್ತವೆಂದು ಸಿಂಗರ್ ಮತ್ತು ನಿಕೊಲ್ಸನ್ 1972ರಲ್ಲಿ ಹೇಳಿದ್ದರು. ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯ ಸತ್ಯಜಿತ್ ಮೇಯರ್, ಮದನ್ ರಾವ್ ಮತ್ತು ಸಂಗಡಿಗರು 2012ರಲ್ಲಿ ಇನ್ನೊಂದು ಗುಟ್ಟು ಬಯಲು ಮಾಡಿದರು: ತಮ್ಮ ಕೆಳಗಿರುವ ಆಕ್ಟಿನ್ ಎಂಬ ಎಳೆಗಳು ಶಕ್ತಿ ವ್ಯಯಿಸಿ ಕೆಲವು ಪ್ರೋಟೀನುಗಳನ್ನು ಗುಂಪುಗೂಡಿಸುತ್ತವೆ. ಅಂದರೆ ತೇಲುವುದರಲ್ಲೂ ತಮಗೆ ಬಿಡುವಿಲ್ಲ.

ಆದ್ದರಿಂದ ಕೊನೆಯ ಮನವಿ: ಒಂದು ದಿನ ಮುಷ್ಕರ ಹೂಡಿ, ತಮ್ಮ ಬೆಲೆ ಏನೆಂದು ತೋರಿಸಿ. ಅಥವಾ ಬೇಡ. ಪಂಪು ನಿಂತರೆ ಒಳಗೆ ಉಪ್ಪು ಸೇರಿ, ಹಿಂದೆಯೇ ನೀರು ನುಗ್ಗಿ, ಕೋಶ ಊದಿ ಒಡೆಯುತ್ತದೆಯಂತೆ. ಪವಾಡ ಒಪ್ಪಿಕೊಳ್ಳಲು ಭಕ್ತರಾದರೂ ಉಳಿಯಬೇಕಲ್ಲ!

ಇಂತಿ,
ತಮ್ಮ ಎರಡು ಪದರದೊಳಗೇ ಬದುಕಿರುವ
ಒಬ್ಬ ಶಿವಗಂಗೆಯವ