ಅಕ್ಟೋಬರ್ ಬಂದರೆ ಗಿರಣಿ ರಾಯರು

ಅಮೆರಿಕದ ಬೋಸ್ಟನ್ ಸುತ್ತಮುತ್ತ ಎಲ್ಲಿ ಹತ್ತು ಕನ್ನಡದ ಮನೆಗಳಿವೆಯೋ ಅಲ್ಲಿ ಒಬ್ಬರು ಗಿರಣಿ ರಾಯರು ಇದ್ದೇ ಇರುತ್ತಾರೆ. ಅವರು ಗೌಡರೋ ಪಾಟೀಲರೋ ಶೆಟ್ಟರೋ ಆಗಿರಬಹುದು, ಗುಣ ಒಂದೇ. ವರ್ಷವಿಡೀ ಕಂಪ್ಯೂಟರಿನ ಮುಂದೆ ತಲೆ ತಗ್ಗಿಸಿ ಕೂತಿರುವ ಸಾಧು ಪ್ರಾಣಿ, ಅಕ್ಟೋಬರ್ ಬಂತೆಂದರೆ ಮೈಮೇಲೆ ದೇವರು ಬಂದವರ ಹಾಗೆ ಆಡುತ್ತದೆ. ಮೇಪಲ್ ಎಲೆ ಕೆಂಪಾಗಬೇಕು, ಪಕ್ಕದಲ್ಲಿ ಹಳೆಯ ನೀರಿನ ಗಿರಣಿ ತಿರುಗುತ್ತಿರಬೇಕು, ಅದರ ಮುಂದೆ ಯಾರದಾದರೂ ಅಪ್ಪ ಅಮ್ಮ ಸ್ವೆಟರ್ ಹಾಕಿಕೊಂಡು ನಿಂತಿರಬೇಕು. ಈ ಮೂರೂ ಕೂಡಿಬಂದರೆ ರಾಯರ ಜನ್ಮ ಸಾರ್ಥಕ.

ತಯಾರಿ ಸೆಪ್ಟೆಂಬರಿನಲ್ಲೇ ಶುರು. ಎಲೆ ಎಲ್ಲಿ ಎಷ್ಟು ಬಣ್ಣ ತಿರುಗಿದೆ ಎಂದು ತೋರಿಸುವ ನಕ್ಷೆಗಳನ್ನು ಬೆಳಗಿನ ಕಾಫಿಗೆ ಮುಂಚೆ ನೋಡುತ್ತಾರೆ. ಉತ್ತರದ ವರ್ಮಾಂಟ್ ಮೊದಲು, ಆಮೇಲೆ ನ್ಯೂ ಹ್ಯಾಂಪ್‌ಶೈರ್, ಕೊನೆಗೆ ನಮ್ಮ ಮೆಸಾಚುಸೆಟ್ಸ್ ಎಂದು ವಾಟ್ಸಾಪ್ ಗುಂಪಿನಲ್ಲಿ ಪಂಚಾಂಗ ಹೊರಡಿಸುತ್ತಾರೆ. "ಈ ವಾರ ಪೀಕ್. ಮುಂದಿನ ವಾರ ಗಾಳಿ ಬಂದರೆ ಎಲ್ಲ ಮುಗೀತು." ಹಗಲು ಬಿಸಿಲು, ರಾತ್ರಿ ಚಳಿ ಇದ್ದರೇ ಕೆಂಪು ಚೆನ್ನಾಗಿ ಕಟ್ಟುವುದು, ಹಸಿರು ಕರಗಿದ ಮೇಲೆ ಅಡಿಯಲ್ಲಿದ್ದ ಹಳದಿ ಹೊರಗೆ ಬರುವುದು, ಕೆಂಪನ್ನು ಮಾತ್ರ ಮರ ಹೊಸದಾಗಿ ತಯಾರಿಸುವುದು, ಇಷ್ಟನ್ನೂ ಕೇಳದವರಿಗೂ ಹೇಳುತ್ತಾರೆ. ತಪ್ಪು ಹೇಳುವುದಿಲ್ಲ, ಅದೇ ಕಷ್ಟ. ತಪ್ಪು ಹೇಳಿದರೆ ನಡುವೆ ಬಾಯಿ ಹಾಕಬಹುದಿತ್ತು.

ಅವರ ಕೈಗೆ ಸಿಗುವವರು ಆರು ತಿಂಗಳಿಗೆಂದು ಮಕ್ಕಳ ಮನೆಗೆ ಬಂದ ಹಿರಿಯರು. ಜುಲೈನಲ್ಲೇ ನಯಾಗರಾ ಮುಗಿದಿದೆ, ಆಶ್‌ಲ್ಯಾಂಡಿನ ಲಕ್ಷ್ಮೀ ದೇವಸ್ಥಾನಕ್ಕೆ ವಾರವಾರ ಹೋಗಿದ್ದಾಗಿದೆ, ಮಗನಿಗೆ ಪುರುಸೊತ್ತಿಲ್ಲ. ಶುಕ್ರವಾರ ರಾತ್ರಿ ರಾಯರ ಫೋನು: "ಅಮ್ಮಾ, ನಾಳೆ ಬೆಳಿಗ್ಗೆ ಏಳಕ್ಕೆ ರೆಡಿ ಇರಿ. ಪುಳಿಯೋಗರೆ ನಮ್ಮನೆಯಿಂದ ಬರುತ್ತೆ. ನೀವು ಕೆಂಪು ಸೀರೆ ಮಾತ್ರ ಉಡಬೇಡಿ, ಎಲೇಲಿ ಕಳೆದುಹೋಗ್ತೀರಿ."

ಮೊದಲ ಗಿರಣಿ ಸಡ್ಬರಿಯ ವೇಸೈಡ್ ಇನ್ ಪಕ್ಕದ್ದೇ. ಅದು ರಾಯರ ಕಾಶಿ. ಕಲ್ಲಿನ ಗೋಡೆ, ಕೆಂಪು ಬಣ್ಣದ ದೊಡ್ಡ ಚಕ್ರ, ಮರದ ದೋಣಿಯಲ್ಲಿ ಬಂದು ಚಕ್ರದ ನೆತ್ತಿಗೆ ಸುರಿಯುವ ನೀರು. ಕ್ಯಾಲೆಂಡರಿನಲ್ಲಿ ನೋಡಿದಂತೆಯೇ ಇದೆ. ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಯಜಮಾನರೊಬ್ಬರು ಗಂಟಲು ಸರಿಮಾಡಿಕೊಂಡು, "ಎಷ್ಟು ಹಳೇದು ಇದು?" ಎನ್ನುತ್ತಾರೆ. ಪ್ರತಿ ತಂಡದಲ್ಲೂ ಇಂಥವರೊಬ್ಬರು ಇರುತ್ತಾರೆ, ಇರಲೂಬೇಕು. ರಾಯರು ನೀರಿನ ಕಡೆ ನೋಡುತ್ತಾರೆ. ಕೊನೆಗೆ ಹೊರಬೀಳುವ ಸತ್ಯ: ಕಟ್ಟಿದ್ದು 1929ರಲ್ಲಿ. ಕಟ್ಟಿಸಿದವರು ಹೆನ್ರಿ ಫೋರ್ಡ್; ಹೌದು, ಕಾರಿನ ಫೋರ್ಡೇ. 1923ರಲ್ಲಿ ವೇಸೈಡ್ ಇನ್ ಎಂಬ ಈ ಹಳೆಯ ಛತ್ರವನ್ನು ಕೊಂಡು, ಪಕ್ಕದಲ್ಲಿ ಹಳೆಯ ಕಾಲದ್ದರ ಹಾಗೆ ಕಾಣುವ ಗಿರಣಿಯನ್ನು ಹೊಸದಾಗಿ ಕಟ್ಟಿಸಿದರು. ಕುದುರೆಗಾಡಿಯ ಕಾಲವನ್ನು ಮುಗಿಸಿದ ಮನುಷ್ಯನಿಗೇ ಆ ಕಾಲದ ಮೇಲೆ ಮೋಹ ಹುಟ್ಟಿತ್ತು.

"ಹಾಗಾದರೆ ನಮ್ಮ ಕೆ.ಆರ್.ಎಸ್. ಇದಕ್ಕಿಂತ ಹಿರಿಯದು. 1911ರಲ್ಲೇ ಕೆಲಸ ಶುರುವಾಗಿತ್ತು," ಎಂದು ಯಜಮಾನರು ತೀರ್ಪು ಕೊಡುತ್ತಾರೆ. "ಹಳೇದು ಅನ್ನೋದು ವಯಸ್ಸಲ್ಲ ಸಾರ್, ಭಾವನೆ," ಎನ್ನುತ್ತಾರೆ ರಾಯರು. ಈ ಭಾವನೆಯ ಬಲದಿಂದಲೇ ಅವರು ಹನ್ನೆರಡು ಗಂಟೆ ಕಾರು ಓಡಿಸಿ ವೆಸ್ಟ್ ವರ್ಜೀನಿಯಾದ ಗ್ಲೇಡ್ ಕ್ರೀಕ್ ಗಿರಣಿಗೂ ಹೋಗಿಬಂದಿದ್ದಾರೆ. ಅದಂತೂ 1976ರ ಕಟ್ಟಡ. ಒಂದು ಗಿರಣಿಯ ಮೈ, ಇನ್ನೊಂದರ ಚಕ್ರ, ಮತ್ತೊಂದರ ಬಿಡಿಭಾಗ ತಂದು ಜೋಡಿಸಿದ್ದು. ವರ್ಜೀನಿಯಾದ ಮೇಬ್ರಿ ಮಿಲ್ ಮಾತ್ರ ನಿಜವಾಗಿ ಒಬ್ಬ ಗಿರಣಿಯವನು ಬಾಳಿ ಬದುಕಿದ ಜಾಗ. ಆದರೆ ಅದರ ಚಂದ ಎಂಥದ್ದೆಂದರೆ, ಬೇರೆ ರಾಜ್ಯಗಳವರು ಅದೇ ಚಿತ್ರವನ್ನು ಪೋಸ್ಟ್‌ಕಾರ್ಡಿಗೆ ಹಾಕಿ ಇದು ನಮ್ಮೂರಿನದು ಎಂದು ಮಾರಿದ್ದೂ ಉಂಟು. ರಾಯರಿಗೆ ಇದೆಲ್ಲ ಬಾಯಿಪಾಠ. ಮರೆಮಾಚುವುದಿಲ್ಲ, ಆದರೆ ಫೋಟೋ ಮುಗಿದ ಮೇಲೆ ಹೇಳುತ್ತಾರೆ.

ಗಿರಣಿ ಓಡಿಸುವ ದಿನ ಹೋದರೆ ಮಾತ್ರ ರಾಯರ ಆಟ ನಡೆಯುವುದಿಲ್ಲ. ಒಳಗೆ ಮರದ ನೆಲ ಸಣ್ಣಗೆ ನಡುಗುತ್ತಿರುತ್ತದೆ. ರಾಯರು ವಿವರಣೆ ಶುರುಮಾಡುತ್ತಾರೆ: ಎರಡು ದುಂಡು ಕಲ್ಲು, ಕೆಳಗಿನದು ಅಲುಗುವುದಿಲ್ಲ, ಮೇಲಿನದು ತಿರುಗುತ್ತದೆ, ನಡುವಿನ ತೂತಿನಿಂದ ಕಾಳು ಇಳಿಯುತ್ತದೆ, ಅಂಚಿನಿಂದ ಹಿಟ್ಟು ಉದುರುತ್ತದೆ. ಅಮ್ಮ ಪೂರ್ತಿ ಕೇಳಿ, "ಬೀಸೋಕಲ್ಲು ಕಣಪ್ಪಾ. ಇದಕ್ಕೆ ಗೂಟ ಇಲ್ಲ, ಅಷ್ಟೇ," ಎನ್ನುತ್ತಾರೆ. ಅಲ್ಲಿಗೆ ನಿಲ್ಲುವುದಿಲ್ಲ. ಕಲ್ಲು ಸವೆದಾಗ ಕಚ್ಚು ಹಾಕುವವರು ಯಾರು ಎಂದು ರಾಯರ ಕೈಲಿ ಗಿರಣಿಯವನನ್ನು ಕೇಳಿಸುತ್ತಾರೆ. ಅವನ ಮುಖ ಅರಳುತ್ತದೆ. ಈವರೆಗೆ ಬಂದವರೆಲ್ಲ ಅವನನ್ನು ಕೇಳಿದ್ದು ಶೌಚಾಲಯ ಎಲ್ಲಿ ಎಂದು. ಕಲ್ಲು ತೀರ ಹತ್ತಿರವಾದರೆ ಹಿಟ್ಟು ಕಾದು ಸುಟ್ಟ ವಾಸನೆ ಬರುತ್ತದೆ ಎಂದು ಅವನು ಹೇಳುವ ಮೊದಲೇ ಅಮ್ಮ ಮೂಸಿ ನೋಡಿಯಾಗಿದೆ. ಬೆಚ್ಚಗಿನ ಮೆಕ್ಕೆಜೋಳದ ಹಿಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ, "ತರಿ ಜಾಸ್ತಿ. ಉಪ್ಪಿಟ್ಟಿಗೆ ಸರಿ, ರೊಟ್ಟಿಗೆ ಇನ್ನೊಂದು ಸಲ ಹಾಕಬೇಕು." ರಾಯರು ಇದನ್ನು ಇಂಗ್ಲಿಷಿಗೆ ತಿರುಗಿಸಿದ್ದು ಇಷ್ಟೇ: "ಶೀ ಲೈಕ್ಸ್ ಇಟ್."

ಇದೇ ರಾಯರು ಹುಡುಗರಾಗಿದ್ದಾಗ ಸೈಕಲ್ಲಿನ ಕ್ಯಾರಿಯರಿಗೆ ಗೋಧಿ ಡಬ್ಬ ಕಟ್ಟಿ ಗಿರಣಿಗೆ ಹೋಗಿ ಬಾ ಎಂದರೆ ಹೊಟ್ಟೆನೋವು ತೆಗೆಯುತ್ತಿದ್ದರಂತೆ. ಸಾಲಿನಲ್ಲಿ ನಿಲ್ಲಬೇಕು, ಖಾರದಪುಡಿ ಹಾಕಿದ ಬೆನ್ನಿಗೆ ನಮ್ಮ ಗೋಧಿ ಹಾಕಬೇಡಪ್ಪಾ ಎಂದು ಕಾವಲು ಕಾಯಬೇಕು, ತಲೆಗೂದಲು ಬೆಳ್ಳಗೆ ಮಾಡಿಕೊಂಡು ಬರಬೇಕು. ಈಗಲೂ ಅವರ ಮನೆಗೆ ಹಿಟ್ಟು ಬರುವುದು ಇಂಡಿಯನ್ ಅಂಗಡಿಯ ಹತ್ತು ಕೆಜಿ ಚೀಲದಲ್ಲೇ. ಪ್ರೀತಿ ಏನಿದ್ದರೂ ಚಕ್ರದ ಮೇಲೆ, ಹಿಟ್ಟಿನ ಮೇಲಲ್ಲ.

ಫೋಟೋ ಅಂದರೆ ತಪಸ್ಸು. "ಅಮ್ಮಾ, ಒಂದ್ ಹೆಜ್ಜೆ ಎಡಕ್ಕೆ. ಸಾರ್, ನೀವು ಚಕ್ರಕ್ಕೆ ಅಡ್ಡ ಬರ್ತಿದೀರಿ. ಸ್ವೆಟರ್ ಒಂದ್ ನಿಮಿಷ ತೆಗೀತೀರಾ?" ಬೇರೆಯವರ ಕುಟುಂಬ ಚೌಕಟ್ಟಿನೊಳಗೆ ಬಂದರೆ ಮುಖ ಸಿಂಡರಿಸಿ "ಟೂರಿಸ್ಟ್‌ಗಳು" ಎನ್ನುತ್ತಾರೆ. ವರ್ಮಾಂಟಿನ ಪಾಮ್‌ಫ್ರೆಟ್‌ನಲ್ಲಿ ಇಂಥ ಫೋಟೋದವರ ಕಾಟ ತಾಳಲಾರದೆ 2023ರ ಎಲೆ ಕಾಲದಲ್ಲಿ ಒಂದು ತೋಟಕ್ಕೆ ಹೋಗುವ ರಸ್ತೆಯನ್ನೇ ಹೊರಗಿನವರಿಗೆ ಮುಚ್ಚಿದರು. ಆ ಸುದ್ದಿ ಓದಿ ಎಲ್ಲರಿಗಿಂತ ಹೆಚ್ಚು ಬೇಸರಪಟ್ಟವರು ರಾಯರು. "ಜನಕ್ಕೆ ಶಿಸ್ತಿಲ್ಲ."

ಸಡ್ಬರಿಯಿಂದ ಮುಕ್ಕಾಲು ಗಂಟೆಯೂ ಆಗದ ದಾರಿಯಲ್ಲಿ ಲೋವೆಲ್ ಇದೆ. ಬೂಟ್ ಕಾಟನ್ ಮಿಲ್ಸ್ ಎಂಬ ನಿಜವಾದ ಗಿರಣಿ ಈಗ ಮ್ಯೂಸಿಯಂ. ನೇಯ್ಗೆಯ ಕೋಣೆಯಲ್ಲಿ 88 ಮಗ್ಗಗಳಿವೆ. ಅವುಗಳಲ್ಲಿ ಕೆಲವನ್ನು ಓಡಿಸಿದರೂ ಸಾಕು, ಕಿವಿಗೆ ಬಿರಡೆ ಬೇಕು. ಹಳ್ಳಿಯ ಹೆಣ್ಣುಮಕ್ಕಳು ಬೆಳಗಿನ ಗಂಟೆಯಿಂದ ರಾತ್ರಿಯ ಗಂಟೆಯವರೆಗೆ ದುಡಿದ ಊರು ಅದು. 1834ರಲ್ಲಿ ಕೂಲಿ ಕಡಿತಕ್ಕೆ, 1836ರಲ್ಲಿ ಊಟ ವಸತಿಯ ದರ ಏರಿಸಿದ್ದಕ್ಕೆ ಅವರು ಕೆಲಸ ನಿಲ್ಲಿಸಿ ಬೀದಿಗಿಳಿದರು. ಅವರು ನೇಯ್ದ ಹತ್ತಿ ದಕ್ಷಿಣದ ಗುಲಾಮರು ಬಿಡಿಸಿದ್ದು. ದಾವಣಗೆರೆಯವರನ್ನು ಕರೆದುಕೊಂಡು ಹೋದರೆ ಸದ್ದು ಕೇಳುತ್ತಲೇ ನಮ್ಮೂರ ಮಿಲ್ಲು ಎಂದಾರು. ರಾಯರು ಮಾತ್ರ ಅತ್ತ ಕಾರು ತಿರುಗಿಸುವುದಿಲ್ಲ. "ಬರೀ ಇಟ್ಟಿಗೆ ಸಾರ್, ಫೋಟೋ ಚೆನ್ನಾಗಿ ಬರಲ್ಲ."

ಅಕ್ಟೋಬರಿನಲ್ಲಿ ಮಕ್ಕಳ ಮನೆಗೆ ಹೋಗುವವರಲ್ಲಿ ಒಂದು ವಿನಂತಿ. ರಾಯರು ಕರೆದರೆ ಹೋಗಿ, ಮನುಷ್ಯ ಒಳ್ಳೆಯವರು, ಪುಳಿಯೋಗರೆಯೂ ಚೆನ್ನಾಗಿರುತ್ತದೆ. ಆದರೆ ಮಧ್ಯಾಹ್ನ ಲೋವೆಲ್ ತೋರಿಸಲೇಬೇಕೆಂದು ಹಠ ಹಿಡಿಯಿರಿ. ಮತ್ತೆ, ಅವರು ಎಷ್ಟೇ ಕೇಳಿದರೂ ಸ್ವೆಟರ್ ತೆಗೆಯಬೇಡಿ.