ಹೇಳಿಸಪ್ಪನವರು

ಯಾರು ಯಾವ ಕಷ್ಟ ತೋಡಿಕೊಂಡರೂ ಅವರ ಬಾಯಲ್ಲಿ ಒಂದೇ ಮಾತು: "ಬಿಡಿ ಸಾರ್, ಹೇಳಿಸೋಣ." ಹಾಗಾಗಿ ಮೈಸೂರಿನ ಗೋಕುಲಂನಲ್ಲಿ ಅವರು ಹೇಳಿಸಪ್ಪನವರು. ಬೆಳಿಗ್ಗೆ ಏಳಕ್ಕೆಲ್ಲ ಕಾಂಟೂರ್ ರಸ್ತೆಯ ಕಾಫಿ ಅಂಗಡಿ ಮುಂದೆ ಅವರ ದರ್ಬಾರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಲ್ಲಿ ಎರಡು ಫೋನು. ಒಂದು ಮಾತಾಡೋಕೆ, ಇನ್ನೊಂದು ದೊಡ್ಡವರ ಪಕ್ಕ ನಿಂತ ಫೋಟೊ ತೋರಿಸೋಕೆ. ಎಮ್ಮೆಲ್ಲೆ "ನಮ್ಮ ಹುಡುಗ", ಎಸಿಪಿ "ನಮ್ಮ ಕಡೆಯೋರು". ಜಡ್ಜ್ ವಿಷಯಕ್ಕೆ ಬಂದಾಗ ಮಾತ್ರ ದನಿ ತಗ್ಗುತ್ತದೆ: "ಅವರ ಡ್ರೈವರ್ ಗೊತ್ತು."

ಯೋಗ ಕಲಿಯಲು ಬಂದ ಫ್ರಾನ್ಸಿನ ಹುಡುಗಿಗೆ ಮಹಡಿ ಬಾಡಿಗೆಗೆ ಕೊಟ್ಟಿದ್ದ ಯಜಮಾನರೊಬ್ಬರು ಗಾಬರಿಯಲ್ಲಿ ಓಡಿಬಂದರು. ವಿದೇಶಿಯರು ಬಂದಿಳಿದ 24 ಗಂಟೆಯೊಳಗೆ ಮನೆಯವರು ಅವರ ವಿವರದ ಫಾರಂ ಸಲ್ಲಿಸಬೇಕಂತೆ! ಹೇಳಿಸಪ್ಪ ಮೂರು ಕಡೆ ಫೋನಾಯಿಸಿದರು. ಎರಡು ಕಡೆ ಎತ್ತಲಿಲ್ಲ. ಮೂರನೆಯವರು, "ಆನ್‌ಲೈನಲ್ಲೇ ಹಾಕಬಹುದಲ್ರೀ" ಎಂದು ಇಟ್ಟರು. ಯಜಮಾನರ ಮಗಳು ರಾತ್ರಿ ಕೂತು ತುಂಬಿ ಕಳಿಸಿದಳು. ಮರುದಿನ ಮೈಸೂರು ಪಾಕಿನ ಡಬ್ಬ ಹೋದದ್ದು ಮಾತ್ರ ಹೇಳಿಸಪ್ಪನವರ ಮನೆಗೆ.

ಜಾತಿ, ಆದಾಯ ಪ್ರಮಾಣಪತ್ರದ ಕಥೆಯೂ ಹೀಗೇ. 2011ರ ಸಕಾಲ ಕಾಯ್ದೆ ಅದಕ್ಕೆಲ್ಲ ಗಡುವು ಇಟ್ಟಿದೆ. ತಪ್ಪಿದರೆ ಅರ್ಜಿದಾರರು ದಿನಕ್ಕೆ 20 ರೂಪಾಯಿಯಂತೆ ಪರಿಹಾರ ಕೇಳಬಹುದು. ಗಡುವಿನ ದಿನ ಪತ್ರ ಕೈಸೇರಿತು ಅನ್ನಿ, ಹಿಂದಿನ ರಾತ್ರಿಯೇ ಇವರು "ಹೇಳಿಸಿ" ಆಗಿರುತ್ತದೆ.

ಸುಳ್ಳು ಹೇಳಬಾರದು, ನಡುರಾತ್ರಿ ಕರೆದರೂ ಚಪ್ಪಲಿ ಮೆಟ್ಟಿ ಠಾಣೆಗೆ ಜೊತೆಗೆ ಬರುವವರು ಬೀದಿಯಲ್ಲಿ ಅವರೊಬ್ಬರೇ. ಕಾನೂನು ಪುಸ್ತಕ ಹಾಗೆ ಎದ್ದು ಬರುವುದಿಲ್ಲ. ಜನ ಅವರನ್ನು ಹಿಡಿದುಕೊಂಡಿರುವುದು ಇದಕ್ಕೇ.

ತೊಡಕಾಗುವುದು ಎರಡೂ ಕಡೆಯವರು "ನಮ್ಮವರೇ" ಆದಾಗ. ಮನೆಗೆಲಸದ ಹೆಂಗಸಿಗೆ ಬಂಗಲೆ ಮನೆಯ ಹುಡುಗನ ಬೈಕು ಗುದ್ದಿ ಕಾಲು ಮುರಿಯಿತು.

"ಕಂಪ್ಲೇಂಟ್ ಕೊಡ್ಲಾ ಅಣ್ಣ?"

"ಯಾಕವ್ವ? ಅವರೂ ನಮ್ಮೋರೇ, ನೀನೂ ನಮ್ಮೋಳೇ. ಹೇಳಿಸ್ತೀನಿ ಬಿಡು."

ಐದು ಸಾವಿರಕ್ಕೆ ರಾಜಿ. ಅವಳು ಕೈಮುಗಿದಳು. ಮೋಟಾರು ಅಪಘಾತ ನ್ಯಾಯಾಧಿಕರಣ, ಬೈಕಿನ ವಿಮೆ ಇವುಗಳ ಸುದ್ದಿಯೇ ಅಲ್ಲಿ ಬರಲಿಲ್ಲ. ಬಂದಿದ್ದರೆ ಬಂಗಲೆಯವರಿಗೆ ಹೇಳಿಸಪ್ಪನವರು ಏನು ಹೇಳಿಸಬೇಕಿತ್ತು?

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಸಹಾಯವಾಣಿ ಸಂಖ್ಯೆ 15100. ನಿಮ್ಮ ಮನೆ ಕೆಲಸಕ್ಕೆ ಬರುವವರ ಮೊಬೈಲಿನಲ್ಲಿ ಇವತ್ತೇ ಆ ನಂಬರು ಸೇವ್ ಮಾಡಿಕೊಡಿ.